ಹತ್ತು ಕೋಟಿಗೆ ಹನ್ನೊಂದು ಕಡಿಮೆ

ಆಲ್ಕೊಳದ ನಮ್ಮ ಮನೆಯ ಮೇಜಿನ ಮೇಲೆ ಬೀಗರಾಗಲಿರುವವರು ಕಳಿಸಿದ ತಟ್ಟೆ ಇದೆ. ಸೀರೆ, ಬಾಳೆಹಣ್ಣು, ಮಲ್ಲಿಗೆ. ಮಲ್ಲಿಗೆಯ ಅಡಿಯಲ್ಲಿ ಒಂದು ಹೊಸ ಸಿಮ್ ಕಾರ್ಡು. ಮಗಳು ಅನಘಾಳ ಮೊಬೈಲ್ ನಂಬರಿನ ಅಂಕಿಗಳನ್ನು ಕೂಡಿದರೆ ಎಂಟು ಬರುತ್ತದಂತೆ. ಎಂಟು ಶನಿಯದಂತೆ. ನಿಶ್ಚಿತಾರ್ಥಕ್ಕೆ ಮೊದಲು ನಂಬರ್ ಬದಲಾಯಿಸಬೇಕಂತೆ. ಆ ಮಲ್ಲಿಗೆಯ ವಾಸನೆಗೇ ನನಗೆ ಮೈ ಉರಿಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನಿಜ. ಆದರೆ ಈ ಕೋಪ ಹಳೆಯದು, ಸ್ವಾಮಿ.

ನಾನು ಚಿಕ್ಕವನಿದ್ದಾಗ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮಜ್ಜನ ಮನೆ. ನನ್ನ ಸೋದರತ್ತೆ ವಿಮಲ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಹದಿಮೂರರ ಮಗ್ಗಿ ದಾಟದ ನನ್ನನ್ನು ತಿದ್ದಿ ತಿದ್ದಿ ಸೋತವರು. ಅವರನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಕೈ ತೊಳೆದ ಮೇಲೆ ಗಂಡಿನ ಸೋದರಮಾವ ಬೆರಳು ಮಡಿಸಿದ.

"ಹುಡುಗಿ ಹುಟ್ಟಿದ್ದು ಹದಿನೇಳನೇ ತಾರೀಖು. ಒಂದೂ ಏಳೂ ಎಂಟು. ಆಗೋದಿಲ್ಲ ಬಿಡಿ."

ಅತ್ತೆ ಒಳಗಿನಿಂದ ಸೀಮೆಸುಣ್ಣ ತಂದು ನೆಲದ ಮೇಲೆ ಬರೆದರು: 9,99,99,989.

"ಇದನ್ನೂ ಕೂಡಿ. ಎಪ್ಪತ್ತೊಂದು, ಏಳೂ ಒಂದೂ ಎಂಟೇ. ಹತ್ತು ಕೋಟಿಗೆ ಹನ್ನೊಂದು ಕಡಿಮೆ. ಒಂದು ಬಿಟ್ರೆ, ತನ್ನನ್ನ ಬಿಟ್ರೆ, ಬೇರೆ ಯಾವುದ್ರಿಂದ್ಲೂ ಇದನ್ನ ಭಾಗಿಸೋಕಾಗಲ್ಲ. ಹತ್ತು ಕೋಟಿಯೊಳಗೆ ಇಂಥದ್ದು ಇದಕ್ಕಿಂತ ದೊಡ್ಡದಿಲ್ಲ. ನೀವು ಕೂಡಿ ಕೂಡಿ ಕಂಡುಹಿಡಿಯೋದು ಒಂಬತ್ತರಿಂದ ಭಾಗಿಸಿದ್ರೆ ಏನು ಉಳಿಯುತ್ತೆ ಅಂತ, ಅಷ್ಟೇ. ಎಣಿಸ್ತಾ ಹೋದ್ರೆ ಪ್ರತಿ ಒಂಬತ್ತರಲ್ಲಿ ಒಂದಕ್ಕೆ ಎಂಟು ಉಳಿಯುತ್ತೆ. ಅಷ್ಟೂ ಜನಕ್ಕೆ ಶನಿನಾ?"

ಸೋದರಮಾವ ನಕ್ಕ. "ಭಾಗವೇ ಆಗದ್ದು ಸಂಸಾರಕ್ಕೆ ಆಗುತ್ತಾ, ಮಾರಾಯ್ತಿ?"

ಅವನು ನಕ್ಕರೆ ನಗಲಿ. ನಮ್ಮಜ್ಜನೂ ನಕ್ಕನಲ್ಲ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಅಜ್ಜಿ ಒದ್ದೆ ಬಟ್ಟೆ ತಂದು ಆ ಸಂಖ್ಯೆಯನ್ನು ಒರೆಸಿಬಿಟ್ಟಳು. ಅತ್ತೆ ಆಮೇಲೆ ಯಾವ ಗಂಡಿನ ಮುಂದೆಯೂ ಕೂರಲಿಲ್ಲ. ಪ್ರತಿ ವರ್ಷ ಶಾಲೆ ತೆರೆದ ದಿನ ಬೋರ್ಡಿನ ಮೇಲೆ ಅದೇ ಸಂಖ್ಯೆ ಬರೆದು, "ಭಾಗಿಸಿ ನೋಡೋಣ" ಎನ್ನುತ್ತಿದ್ದರು.

ಈ ಕಥೆಯನ್ನು ನಾನು ಮನೆಯಲ್ಲಿ ಕೂಗಿಕೊಂಡೇ ಹೇಳಿ ಮುಗಿಸಿದೆ. "ಸಿಮ್ ತಾನೇ? ಹಾಕ್ಕೊಂಡ್ರಾಯ್ತು ಬಿಡಿ," ಎಂದಳು ಹೆಂಡತಿ. ಉರಿಯುವ ಬೆಂಕಿಗೆ ತುಪ್ಪ. ಬೀಗರನ್ನು ಬೈಯಲು ಫೋನ್ ಎತ್ತಿದೆ. ಅನಘಾ ಅದನ್ನು ಕಿತ್ತುಕೊಂಡಳು.

"ನೀನು ಬರೀ ಕೂಗಾಡ್ತೀಯ ಅಪ್ಪ. ನಾನು ಮಾತಾಡ್ತೀನಿ."

ಹುಡುಗನ ತಂದೆಗೇ ಫೋನ್ ಮಾಡಿದಳು. "ಅಂಕಲ್, ಸಿಮ್ ವಾಪಸ್ ಕಳಿಸ್ತಿದೀನಿ. ನಾನು ಹುಟ್ಟಿದ್ದು ಇಪ್ಪತ್ತಾರನೇ ತಾರೀಖು. ಅದನ್ನ ಯಾವ ಅಂಗಡೀಲಿ ಬದಲಾಯ್ಸೋದು?"

ಆ ಕಡೆ ಅವರು ಎರಡೂ ಆರೂ ಕೂಡುತ್ತಿದ್ದರೇನೋ. ನನ್ನ ಹೆಂಡತಿ ಎದ್ದು ಬಂದಳು. ಆಗಲೇ ಬಿಚ್ಚಿ ನೋಡಿದ್ದ ಸೀರೆಯನ್ನು ಮೊದಲಿನ ಮಡಿಕೆಗೇ ಮಡಿಸಿ, ತಟ್ಟೆಯಲ್ಲಿ ಸಿಮ್ಮಿನ ಪಕ್ಕಕ್ಕೆ ಇಟ್ಟಳು.