ಓ ಅನ್ನುವ ಜೀವಗಳು

ಹುನಗುಂದದ ನಮ್ಮ ಮನೆಯಲ್ಲಿ ಕರೆದರೆ 'ಓ' ಅನ್ನಬೇಕಿತ್ತು. 'ಏನು' ಅಂದರೆ ಅವ್ವನಿಗೆ ಸಿಟ್ಟು.

"ಏನು ಅಂದ್ರ ಜಗಳಕ್ಕ ಬಂದಂಗ. ಓ ಅಂದ್ರ, ಇಲ್ಲೇ ಅದೀನಿ ಅಂದಂಗ," ಅನ್ನುತ್ತಿದ್ದಳು. ಹಿತ್ತಲಿನಿಂದ ಕರೆದವಳು, ನಮ್ಮ ಓ ಕೇಳಿದ ಮೇಲೆ ಏನೂ ಕೆಲಸ ಹೇಳದೆ ಸುಮ್ಮನಾಗುವುದೂ ಇತ್ತು.

ಮುಂದೆ ನಾನು ಸಮುದ್ರ ಸಂಶೋಧನೆಯ ಹಡಗು ಸೇರಿದೆ. ರಜೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು, "ಅಲ್ಲೇನ ಮಾಡ್ತೀಯೋ ತಮ್ಮಾ? ಮೀನಾ ಹಿಡೀತೀಯೇನು?"

ಪ್ಲಾಂಕ್ಟನ್ ಅಂದರೆ ಅವಳಿಗೆ ತಿಳಿಯುವಂತಿರಲಿಲ್ಲ. ನೀರಿನಲ್ಲಿ ತೇಲುವ, ಗಸಗಸೆಯಷ್ಟು ಸಣ್ಣ ಹುಳಗಳು, ಮೀನಿಗೆ ಅವೇ ಊಟ ಎಂದೆ. "ಹಡಗದ ಬುಡದಿಂದ ಸಪ್ಪಳಾ ಬಿಡ್ತೇವಿ. ಅವಕ್ಕ ಬಡದು ತಿರಗಿ ಬರ್ತೈತಿ. ಎಲ್ಲಿ ಎಷ್ಟ ಅದಾವು ಅನ್ನೂದು ಪರದೆ ಮ್ಯಾಲ ಕಾಣಸ್ತೈತಿ."

"ಅಂದ್ರ ನೀವು ಕರೀತೀರಿ, ಅವು ಓ ಅಂತಾವು."

"ಹೂನವ್ವಾ. ಆದ್ರ ದಪ್ಪ ದನಿಗೆ ಅನ್ನೂದಿಲ್ಲ. ಭಾಳ ಕೀರಲು ದನಿ ಬೇಕು, ನಮ್ಮ ಕಿವಿಗೂ ಕೇಳಲಾರದಂಥಾದು."

"ಹಂಗಾರ ನಿಮ್ಮಪ್ಪನ್ನ ಹಡಗಾ ಹತ್ತಸಬ್ಯಾಡ್ರಿ."

ಕಟ್ಟೆಯ ಮೇಲಿದ್ದ ಅಪ್ಪ ತನ್ನ ದಪ್ಪ ದನಿಯಲ್ಲೇ ಕೆಮ್ಮಿದ.

"ಒಂದ ತ್ರಾಸ ಐತಿ," ಎಂದೆ. "ಆ ದನಿ ದೂರ ಹೋಗೂದಿಲ್ಲ, ನೀರಾಗ ಲಗೂನ ಕರಗತೈತಿ. ಸನೇಕ ಹೋಗೇ ಕರೀಬೇಕು."

ಅವ್ವ ರೊಟ್ಟಿ ತಿರುವಿ ಹಾಕಿದಳು. "ಸನೇಕ ಇದ್ರನ ಚಲೋ," ಅಂದಳು.

ಎರಡು ವರ್ಷದ ಮೇಲೆ ಅವ್ವನಿಗೆ ಲಕ್ವ ಹೊಡೆಯಿತು. ಬಾಗಲಕೋಟೆಯ ದವಾಖಾನೆಗೆ ಸೇರಿಸಿದ್ದರು. ನಾವು ನಡುಸಮುದ್ರದಲ್ಲಿದ್ದೆವು, ದಂಡೆ ಮುಟ್ಟಲು ಇನ್ನೂ ಐದು ದಿನ. ಅವ್ವನ ಹತ್ತಿರವಿದ್ದ ಅಕ್ಕ ಹಡಗಿನ ಉಪಗ್ರಹ ಫೋನಿನಲ್ಲಿ ಸಿಕ್ಕಳು. "ಕಣ್ಣ ತಗೀವಲ್ಲಳು. ನಿನ್ನ ದನಿ ಕೇಳಿದ್ರ ಏನರೆ ಅಂದಾಳು. ಕಿವಿಗೆ ಹಿಡೀತೇನಿ, ಕರಿ."

"ಅವ್ವಾ" ಎಂದೆ. ಏನೂ ಬರಲಿಲ್ಲ. ಮತ್ತೆ ಕರೆದೆ. ಫೋನಿನಲ್ಲಿ ಬರೀ ಗೊರಗೊರ. ಸಂಜೆಯಾಗಿತ್ತು, ಆ ಹೊತ್ತಿಗೆ ಹುಳಗಳು ಆಳದಿಂದ ಮೇಲೇರುತ್ತವೆ. ಎದುರಿನ ಪರದೆಯ ತುಂಬ ಅವುಗಳ ಹಿಂಡು ಹಸಿರಾಗಿ, ಹಳದಿಯಾಗಿ ಹಬ್ಬುತ್ತಿತ್ತು.

"ತುಟಿ ಅಳ್ಳಾಡಿತು. ಓ ಅಂದ್ಲೋ ತಮ್ಮಾ," ಅಕ್ಕ ಅಳುತ್ತಿದ್ದಳು. "ನಿನಗ ಕೇಳಸ್ತಿಲ್ಲೋ?"

"ಕೇಳಸ್ತಕ್ಕಾ," ಅಂದೆ.

ಕೇಳಿಸಿರಲಿಲ್ಲ. ನಾನು ಊರು ಮುಟ್ಟುವಷ್ಟರಲ್ಲಿ ಅವ್ವನ ಮಣ್ಣೂ ಆಗಿತ್ತು. ಆ ಓ ನನಗೆ ಕೇಳಿಸಲಿಲ್ಲವೆಂದು ಅಕ್ಕನಿಗೆ ಇನ್ನೂ ಹೇಳಿಲ್ಲ. ಅವ್ವ ಕೊನೆಗೆ ತಮ್ಮನಿಗೆ ಓ ಅಂದೇ ಹೋದಳು ಎಂದು ಅವಳು ಈಗಲೂ ಬಂದವರ ಮುಂದೆಲ್ಲ ಹೇಳುತ್ತಾಳೆ. ಅವರು ನನ್ನ ಮುಖ ನೋಡುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ.