ಹಬ್ಬದ ಬ್ರೆಡ್ಡಿನ ಮೇಲಿನ ದೋಣಿ

ಗಲ್ಫಿನ ಅಲ್ ವುಕೈರ್‌ನ ನಮ್ಮ ಕಟ್ಟಡಕ್ಕೆ ಕ್ರಿಸ್‌ಮಸ್ ಬಂತೆಂದು ತಿಳಿಸುವುದು ಎದುರುಮನೆಯ ಗ್ರೀಕ್ ಅಜ್ಜಿ ಫೋತಿನಿಯಮ್ಮನ ಓವನ್. ಲಿಫ್ಟಿನೊಳಗೂ ಕಿತ್ತಳೆ ಸಿಪ್ಪೆ, ಲವಂಗದ ಘಮ. ವಾಚ್‌ಮನ್ನಿನ ಮೀಸೆಯ ಮೇಲೂ ಸಕ್ಕರೆ ಪುಡಿ. ಜೇನಿನಲ್ಲಿ ಅದ್ದಿದ ಬಿಸ್ಕತ್ತು ತಂದು, "ಎಗ್ ಮಾಫಿ, ಮಮ್ಮಾ, ಯಲ್ಲಾ!" ಅಂದರೆ ಮೊಟ್ಟೆ ಹಾಕಿಲ್ಲ, ಬೇಗ ತಿನ್ನು ಎಂದು ನನ್ನ ಬಾಯಿಗೇ ಇಡುತ್ತಾಳೆ, ಸಾಕೆಂದರೆ ಅವಳಿಗೆ ಕಿವಿ ಕೇಳಿಸದು. ಆದರೆ ಅವಳ ದೊಡ್ಡ ಕೆಲಸವೆಂದರೆ ಹಬ್ಬದ ಬ್ರೆಡ್ಡು. ಮೇಲೆ ಹಿಟ್ಟಿನ ಶಿಲುಬೆ, ಅದರ ನಡುವೆ ಇಡೀ ಅಕ್ರೋಟು, ಸುತ್ತ ಮನೆಯವರ ಕಸುಬನ್ನು ಹಿಟ್ಟಿನಲ್ಲೇ ಮಾಡಿ ಅಂಟಿಸುವುದು ಅವರ ಕಡೆಯ ಪದ್ಧತಿ. ಹಮದ್ ಬಂದರಿನಲ್ಲಿ ದುಡಿಯುವ ಮಗನಿಗಾಗಿ ಕ್ರೇನು ಮಾಡುತ್ತಾಳೆ; ಅದು ಪ್ರತಿ ವರ್ಷ ಓವನ್ನಿನಲ್ಲಿ ಉಬ್ಬಿ ಒಂಟೆಯಾಗಿ ಹೊರಬರುತ್ತದೆ. ಪಕ್ಕದಲ್ಲಿ ಗಂಡನ ದೋಣಿ. ಮೀನು ಹಿಡಿಯಲು ಹೋದ ಆತ ಕಡಲಿನಿಂದ ಮರಳಲೇ ಇಲ್ಲ. "ಅಪ್ಪನೇ ಇಲ್ಲ, ದೋಣಿ ಯಾಕಮ್ಮಾ?" ಎಂದು ಮಗ ಕೇಳಿದ್ದಕ್ಕೆ, "ನಾನಿರೋವರೆಗೆ ಅವನ ಕಸುಬು ಈ ಮನೇದೇ" ಅಂದಳಂತೆ. ನನ್ನ ಮೊಮ್ಮಗಳು ಸಹನಾ ಇದನ್ನೆಲ್ಲ ಕನ್ನಡದಲ್ಲಿ ತಿಳಿಸಿ ಹೇಳಿದಳು. ನಿಮ್ಮ ಯಜಮಾನರು ಏನು ಮಾಡುತ್ತಿದ್ದರು ಎಂದು ಫೋತಿನಿಯಮ್ಮ ಅವಳ ಬಾಯಲ್ಲೇ ನನ್ನನ್ನೂ ಕೇಳಿಸಿದಳು. ತೀರಿಹೋದ ಅವರ ಬಗ್ಗೆ ಈ ಊರಿನಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ದರ್ಜಿ ಎಂದು ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ತೋರಿಸಿದೆ. ಈ ಸಲ ಹಬ್ಬದ ಬೆಳಿಗ್ಗೆ ನನ್ನನ್ನು ಕೈಹಿಡಿದು ಕರೆದೊಯ್ದು, ಬ್ರೆಡ್ಡಿಗೆ ಹೊದಿಸಿದ್ದ ಬಟ್ಟೆ ಸರಿಸಿದಳು. ಒಂಟೆಯಂಥ ಕ್ರೇನಿನ ಆಚೆ, ದೋಣಿಯ ಮಗ್ಗುಲಿಗೆ, ಒಂದು ಕತ್ತರಿ ಹದವಾಗಿ ಬೆಂದು ಕೆಂಪಗಾಗಿತ್ತು.