ಅಜ್ಜಿಯ ‘ಇರ್ಬೋದು’

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ: ‘ಇರಬಹುದು’ ಅಂದವರು ಸೋತರು. ಕಾನೂನು ಪದವಿಯ ಕೊನೆಯ ವರ್ಷ ಮೈಸೂರಿನ ಕೋರ್ಟಿನಲ್ಲಿ ಸರ್ಕಾರಿ ಅಭಿಯೋಜಕರೊಬ್ಬರ ಬಳಿ ತರಬೇತಿಗೆ ಸೇರಿದಾಗಲೂ ಆ ಪಾಠ ಜೊತೆಗೇ ಬಂತು. ಅಭಿಯೋಜಕರೆಂದರೆ ಪೊಲೀಸರು ಬರೆದುಕೊಟ್ಟದ್ದನ್ನು ಕೋಟು ಹಾಕಿಕೊಂಡು ಓದುವವರು ಎಂದು ಗೆಳತಿಯರ ಮುಂದೆ ವಾದ ಮಂಡಿಸಿ ಗೆದ್ದೂ ಇದ್ದೆ.

ಆ ದಿನ ಸರಗಳ್ಳತನದ ಪ್ರಕರಣವೊಂದು ಸಾಕ್ಷಿಗೆ ಬಂದಿತ್ತು. ದೂರು ಕೊಟ್ಟವರು ಚಾಮರಾಜಪುರಂನಲ್ಲಿ ಸೀರೆಗೆ ಕುಚ್ಚು ಕಟ್ಟುವ ಅಜ್ಜಿ. ಆರೋಪಿ ಉದಯಗಿರಿಯ ಗ್ಯಾರೇಜೊಂದರ ಮೆಕ್ಯಾನಿಕ್. ಸರ ಸಿಕ್ಕಿರಲಿಲ್ಲ. ಅಜ್ಜಿ ಅವನನ್ನು ಗುರುತಿಸಿದ್ದಾರೆಂಬ ಪೊಲೀಸರ ಬರಹವೊಂದೇ ಆಧಾರ. ಅವರು ಗಟ್ಟಿಯಾಗಿ ‘ಇವನೇ’ ಅಂದರೆ ಅವನಿಗೆ ಜೈಲು.

ನಮ್ಮ ಅಭಿಯೋಜಕ ಸರ್ ಬೇರೊಂದು ಕೇಸಿನಲ್ಲಿದ್ದರು. ಹೇಳಿಕೆಯನ್ನು ಅಜ್ಜಿಗೆ ಓದಿಹೇಳಲು ನನ್ನನ್ನು ಕಳಿಸಿದರು. ಅಜ್ಜಿ ಕೇಳಿಸಿಕೊಂಡು ಮುಖ ಸಣ್ಣಗೆ ಮಾಡಿಕೊಂಡರು. ಕದ್ದವನು ಹೆಲ್ಮೆಟ್ ಹಾಕಿದ್ದನಂತೆ. ಠಾಣೆಯಲ್ಲಿ ಈ ಒಬ್ಬನನ್ನೇ ತೋರಿಸಿ ಇವನೇ ಅಲ್ವಾ ಎಂದು ಕೇಳಿದಾಗ ‘ಇರ್ಬೋದು’ ಅಂದಿದ್ದರಂತೆ.

ಅಲ್ಲಿಗೇ ಸುಮ್ಮನಿದ್ದರೆ ನಾನೆಂಥ ಚರ್ಚಾಪಟು? ಅನುಮಾನ ತೋರಿಸಬೇಡಿ, ಎದುರಿನ ವಕೀಲರು ಬಿಡುವುದಿಲ್ಲ, ಕಣ್ಣಿಟ್ಟು ನೋಡಿ ‘ಇವನೇ’ ಅನ್ನಿ ಎಂದು ತಾಲೀಮು ಮಾಡಿಸಿದೆ. ಮೂರನೆಯ ಸಲ ಅಜ್ಜಿ ಬಹುಮಾನ ಬರುವ ಹಾಗೆ ಹೇಳಿದರು.

ಆಮೇಲೆ ಸರ್ ಬಂದರು. ಅವರದೊಂದು ಪದ್ಧತಿ: ಸಾಕ್ಷಿ ಕಟಕಟೆ ಹತ್ತುವ ಮುಂಚೆ ಫೈಲು ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು, ನಡೆದದ್ದನ್ನು ಅವರ ಬಾಯಿಂದಲೇ ಒಮ್ಮೆ ಕೇಳುವುದು. ಅಜ್ಜಿ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು.

“ಈ ಹುಡುಗಿ ಹೇಳ್ಕೊಟ್ಟಂಗೆ ಹೇಳ್ಲಾ ಸ್ವಾಮಿ, ನಾನು ನೋಡ್ದಂಗೆ ಹೇಳ್ಲಾ?”

“ನೋಡ್ದಂಗೇ ಹೇಳ್ಬುಡಿ ಅಮ್ಮ.”

ಅಜ್ಜಿ ಹೇಳಿದರು. ಸರ ಎಳೆದ ಬಲಗೈಯ ಮಣಿಕಟ್ಟಿನಲ್ಲಿ ಚೇಳಿನಂಥದೊಂದು ಹಚ್ಚೆ ಇತ್ತು ಎಂದೂ ಸೇರಿಸಿದರು. ಅದು ಯಾವ ಕಾಗದದಲ್ಲೂ ಇರಲಿಲ್ಲ. ಸರ್ ನನ್ನನ್ನು ಕಿಟಕಿಯ ಬಳಿ ಕರೆದಾಗ ಬೈಗುಳಕ್ಕೆ ಕಾಯದೆ ನಾನೇ ಶುರುಮಾಡಿದೆ. ಸರ್ಕಾರದ ವಕೀಲರು ಸರ್ಕಾರದ ಕೇಸನ್ನು ತಾವೇ ಕೆಡಿಸುವುದು ಯಾವ ನ್ಯಾಯ ಎಂದು ಕೇಳಿದೆ.

“ಆ ಮೆಕ್ಯಾನಿಕ್‌ಗೂ ಇದೇ ಸರ್ಕಾರ ಕಣಮ್ಮ,” ಅಂದರು. “ಅವನು ಬೇರೆ ದೇಶದೋನಲ್ಲ. ಇನ್ನೊಂದ್ಸಲ ಸಾಕ್ಷಿಗೆ ಪಾಠ ಹೇಳಿಕೊಟ್ರೆ, ನೀನು ನಾಳೆಯಿಂದ ಬರೋದು ಬೇಡ.”

ಅಜ್ಜಿ ಕಟಕಟೆ ಹತ್ತಿದಾಗ ಹಚ್ಚೆಯ ವಿಷಯ ಸರ್ ಕೇಳದೆ ಬಿಟ್ಟಿದ್ದರೆ ಎದುರಿನ ವಕೀಲರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಸರ್ ತಾವಾಗಿ ಕೇಳಿದರು. ಅಜ್ಜಿ ಹೇಳಿದ್ದು ದಾಖಲಾಯಿತು. ಮ್ಯಾಜಿಸ್ಟ್ರೇಟರು ಕೈ ತೋರಿಸಲು ಹೇಳಿದಾಗ ಮೆಕ್ಯಾನಿಕ್ ಎರಡೂ ಕೈ ಚಾಚಿದ. ಉಗುರಿನಲ್ಲಿ ಗ್ರೀಸು, ಹೆಬ್ಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಗಾಯ. ಹಚ್ಚೆ ಇರಲಿಲ್ಲ. ತನಿಖೆ ಮಾಡಿದ ಅಧಿಕಾರಿ ಸರ್ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಸರ್‌ಗೆ ನೆನಪಿರಲಿಕ್ಕಿಲ್ಲ, ಅವರು ಮುಂದಿನ ಪ್ರಶ್ನೆ ಹುಡುಕುತ್ತಿದ್ದರು.

ಕೆಲವು ವಾರಗಳ ಬಳಿಕ ಮೆಕ್ಯಾನಿಕ್‌ನ ಬಿಡುಗಡೆಯಾಯಿತು. ಅಜ್ಜಿಯೂ ಬಂದಿದ್ದರು. ಅವನು ಅವರಿಗೆ ಕೈಮುಗಿದು ಹೊರಟ ಮೇಲೆ ಮೆಲ್ಲಗೆ ಕೇಳಿದರು: “ಅಂಗಾದ್ರೆ ನನ್ನ ಸರ?”

ಈ ಪ್ರಶ್ನೆಗೆ ಸರ್ ಬಳಿ ಉತ್ತರವಿರುವುದಿಲ್ಲ, ಕೊನೆಗೂ ನನ್ನ ವಾದವೇ ಗೆಲ್ಲುತ್ತದೆ ಎಂದುಕೊಂಡೆ. ಸರ್ ಕುರ್ಚಿ ಎಳೆದು ಅಜ್ಜಿಯನ್ನು ಕೂರಿಸಿದರು. ನಿಜವಾದ ಕಳ್ಳನನ್ನು ಹುಡುಕಲು ಠಾಣೆಗೆ ಪತ್ರ ಕಳಿಸೋಣ ಎಂದು ಕಾಗದವನ್ನು ನನ್ನ ಕಡೆ ತಳ್ಳಿದರು. ಅಜ್ಜಿ ಹೇಳಿದಂತೆಯೇ ಬರೆ, ಅಷ್ಟೇ ಬರೆ ಅಂದರು.

ಬರೆದೆ. ಹಚ್ಚೆ ಚೇಳಿನದೇನಾ ಎಂದು ನಾನು ಕೇಳಿದ್ದಕ್ಕೆ ಅಜ್ಜಿ ಕಣ್ಣು ಮುಚ್ಚಿ ಯೋಚಿಸಿ, “ಇರ್ಬೋದು ಕಣಮ್ಮ” ಅಂದರು. ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ‘ಚೇಳಿನದಿರಬಹುದು’ ಎಂದೇ ಬರೆದೆ. ಸರ್ ಓದಿ, ಏನನ್ನೂ ತಿದ್ದದೆ ಸಹಿ ಹಾಕಿದರು.